ಫ್ರಾಯ್ಡ್‌ನನ್ನು ತತ್ವಶಾಸ್ತ್ರದ ಕಡೆಯಿಂದ ಓದಬೇಕು, ಎಲ್ಲಿಂದ ಶುರು ಮಾಡಲಿ?

ಸಂಜೆಓದು:
ಎಂ.ಎ. ತತ್ವಶಾಸ್ತ್ರ, ಎರಡನೇ ವರ್ಷ. ಕಿರುಪ್ರಬಂಧಕ್ಕೆ ಫ್ರಾಯ್ಡ್‌ನ ಮನೋವಿಶ್ಲೇಷಣೆ (ಸೈಕೋಅನಾಲಿಸಿಸ್) ಬೆಳೆದು ಬಂದ ದಾರಿಯನ್ನು ಆರಿಸಿಕೊಂಡಿದ್ದೇನೆ. ಸೈಕಾಲಜಿ ಓದಿದವಳಲ್ಲ. ಬರೆಯಲು ಕೂತರೆ ಬರೀ ಇಸವಿಗಳ ಪಟ್ಟಿ ಆಗುತ್ತಿದೆ: 1895ರಲ್ಲಿ ಡಾಕ್ಟರ್ ಬ್ರಾಯರ್ ಜೊತೆ ಹಿಸ್ಟೀರಿಯಾ ಪುಸ್ತಕ, 1900ರಲ್ಲಿ ಕನಸಿನ ಪುಸ್ತಕ, 1923ರಲ್ಲಿ ಇಡ್, ಈಗೋ, ಸೂಪರ್‌ಈಗೋ ಅಂತ ಮನಸ್ಸಿನ ಮೂರು ಭಾಗ. ಇದರಲ್ಲಿ ತತ್ವಶಾಸ್ತ್ರ ಎಲ್ಲಿದೆ? ಇದು ವಿಜ್ಞಾನವೇ ಅಲ್ಲ ಅಂತ ವಿಜ್ಞಾನದ ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಹೇಳಿದ ಮೇಲೆ ಓದಿ ಪ್ರಯೋಜನ ಇದೆಯಾ ಅನ್ನೋದೂ ಕಾಡುತ್ತಿದೆ. ದಯವಿಟ್ಟು ದಾರಿ ತೋರಿಸಿ.

ಹಳೇಮೇಷ್ಟ್ರು:
ನೋಡಿಯಮ್ಮಾ, ಇಸವಿ ಬಿಡಿ, ಜಗಳ ಹಿಡೀರಿ. ಮೊದಲ ಜಗಳ ಕ್ಲಾಸ್‌ರೂಮಿನಲ್ಲೇ ಇದೆ. 1874ರಲ್ಲಿ ತತ್ವಜ್ಞಾನಿ ಫ್ರಾಂಜ್ ಬ್ರೆಂಟಾನೊ ವಿಯೆನ್ನಾಕ್ಕೆ ಪಾಠ ಮಾಡಲು ಬಂದ. ಮೆಡಿಕಲ್ ಓದುತ್ತಿದ್ದ ಫ್ರಾಯ್ಡ್ ಆ ಪಾಠಗಳಿಗೆ ಹೋಗಿ ಕೂರುತ್ತಿದ್ದ. ಅದೇ ವರ್ಷ ಬಂದ ತನ್ನ ಪುಸ್ತಕದಲ್ಲಿ ಬ್ರೆಂಟಾನೊ ಅರಿವಿಗೆ ಬಾರದ ಮನೋವ್ಯಾಪಾರ ಇಲ್ಲವೇ ಇಲ್ಲ ಅಂತ ವಾದಿಸಿದ್ದ. ಶಿಷ್ಯ ಮುಂದೆ ಇದಕ್ಕೆ ಪೂರ್ತಿ ಉಲ್ಟಾ ಹೊಡೆದ. ಫ್ರಾಯ್ಡ್‌ನ 1915ರ ‘ಅಪ್ರಜ್ಞೆ’ (ಅನ್‌ಕಾನ್ಷಿಯಸ್) ಲೇಖನ ಓದಿ, ಸಣ್ಣದು. ಪಕ್ಕದ ಮನೆಯವರ ಮನಸ್ಸಿನಲ್ಲಿ ಏನಿದೆ ಅಂತ ನಾವು ಅವರ ಮಾತು, ನಡವಳಿಕೆ ನೋಡಿ ತಾನೇ ಊಹಿಸೋದು? ನಮ್ಮ ಮನಸ್ಸನ್ನೂ ಹಾಗೇ ಊಹಿಸಬೇಕು ಅಂತಾನೆ. ಅಲ್ಲೇ ತತ್ವಜ್ಞಾನಿ ಕಾಂಟ್‌ನನ್ನೂ ಕರೆತರುತ್ತಾನೆ: ಹೊರಗಿನ ವಸ್ತು ಕಂಡ ಹಾಗೇ ಇರಬೇಕಿಲ್ಲ, ಒಳಗಿನದೂ ಅಷ್ಟೇ. ತತ್ವಶಾಸ್ತ್ರ ಇಲ್ಲೇ ಇದೆ ಅಲ್ವಾ!

ಇನ್ನೊಂದು ಮಾತು. ಕನ್ನಡದಲ್ಲಿ ನಾವು ‘ಸುಪ್ತ ಮನಸ್ಸು’ ಅಂದುಬಿಡುತ್ತೇವೆ. ಸುಪ್ತ ಅಂದರೆ ಮಲಗಿರೋದು. ಫ್ರಾಯ್ಡ್ ಹೇಳೋದು ಮಲಗಿರುವ ಮನಸ್ಸಲ್ಲ, ಬಾಗಿಲು ಹಾಕಿ ಹೊರಗಿಟ್ಟರೂ ಕನಸಿನಲ್ಲಿ, ಬಾಯಿತಪ್ಪಿದ ಮಾತಿನಲ್ಲಿ ಒಳಗೆ ನುಗ್ಗೋದು. ಪ್ರಬಂಧದಲ್ಲಿ ಆ ಪದ ಬಳಸಬೇಡಿ, ವಾದವೇ ಕೆಟ್ಟುಹೋಗುತ್ತದೆ.

ಕಾವೇರಿತೀರ:
ಪಾಪ್ಪರ್ ಬಗ್ಗೆ ನಾನು ಹೇಳ್ತೀನಿ. 1919ರಲ್ಲಿ ಅವನು ಆ್ಯಡ್ಲರ್‌ಗೆ (ಫ್ರಾಯ್ಡ್ ಬಳಗದಿಂದ ಬೇರೆಯಾದ ಮನೋವೈದ್ಯ) ಒಂದು ಮಗುವಿನ ವಿಷಯ ಹೇಳಿದ. ಆ್ಯಡ್ಲರ್ ಮಗುವನ್ನು ನೋಡದೇ ತನ್ನ ಸಿದ್ಧಾಂತದಲ್ಲಿ ಸಲೀಸಾಗಿ ವಿವರಿಸಿದ. ಏನು ನಡೆದರೂ ಹೊಂದುವ ಸಿದ್ಧಾಂತವನ್ನು ಪರೀಕ್ಷಿಸೋದು ಹೇಗೆ ಅನ್ನೋದು ಪಾಪ್ಪರ್ ತಕರಾರು. ಆದರೆ ಫ್ರಾಯ್ಡ್ 1897ರಲ್ಲೇ ಗೆಳೆಯ ಫ್ಲೀಸ್‌ಗೆ ಕಾಗದ ಬರೆದು, ಹಿಸ್ಟೀರಿಯಾಕ್ಕೆ ಕಾರಣ ಅಂತ ತಾನೇ ಸಾರಿದ್ದನ್ನು ಇನ್ನು ನಂಬೋದಿಲ್ಲ ಅಂದಿದ್ದ. ಸುಳ್ಳಾಗಲು ಸಾಧ್ಯವೇ ಇಲ್ಲದ ಸಿದ್ಧಾಂತವನ್ನು ಯಾರೂ ಹಾಗೆ ಕೈಬಿಡೋದಿಲ್ಲ. ತತ್ವಜ್ಞಾನಿ ಗ್ರುನ್‌ಬಾಮ್ 1984ರಲ್ಲಿ ಪಾಪ್ಪರ್‌ನನ್ನು ಹಿಡಿದದ್ದು ಇಂಥ ಕಡೆಯೇ. ಅವನ ಪ್ರಕಾರ ನಿಜವಾದ ಕುತ್ತು ಬೇರೆ: ಮಂಚದ ಮೇಲೆ ಮಲಗಿ ರೋಗಿ ಹೇಳಿದ್ದರಲ್ಲಿ ಡಾಕ್ಟರ್ ತುಂಬಿಸಿದ್ದೆಷ್ಟು, ಬೇರ್ಪಡಿಸೋದು ಹೇಗೆ? ನನಗೆ ಇದೇ ಜಾಸ್ತಿ ಗಟ್ಟಿ ವಾದ ಅನ್ನಿಸುತ್ತದೆ. ಫ್ರೆಂಚ್ ತತ್ವಜ್ಞಾನಿ ರಿಕರ್ ಫ್ರಾಯ್ಡ್ ಬಗ್ಗೆ ಬರೆದ ಪುಸ್ತಕ (1965) ಕೂಡ ಬಿಡಬೇಡಿ. ಫ್ರಾಯ್ಡ್ ಒಂದೇ ಉಸಿರಿಗೆ ಶಕ್ತಿಯ ಮಾತೂ ಆಡುತ್ತಾನೆ, ಅರ್ಥದ ಮಾತೂ ಆಡುತ್ತಾನೆ ಅಂತ ಅವನು ತೋರಿಸುತ್ತಾನೆ.

ಬೆಳಗಿನಚಹಾ:
ಇಬ್ಬರೂ ಫ್ರಾಯ್ಡ್‌ನ 1920ರ ಪುಸ್ತಕ ‘ಸುಖತತ್ವದ ಆಚೆ’ ಬಿಟ್ಟಿರಿ. ಅದರಲ್ಲಿ ಅವನ ಒಂದೂವರೆ ವರ್ಷದ ಮೊಮ್ಮಗ ದಾರ ಕಟ್ಟಿದ ಮರದ ರೀಲನ್ನು ಪರದೆ ಹಾಕಿದ ತೊಟ್ಟಿಲ ಮಂಚದೊಳಗೆ ಎಸೆದು ‘ಓ...’ ಅಂತ ಎಳೆಯುತ್ತಿದ್ದ. ಜರ್ಮನ್‌ನ ‘ಫೋರ್ಟ್’, ಹೋಯ್ತು ಅಂತ. ದಾರ ಜಗ್ಗಿ ರೀಲು ಕಂಡರೆ ‘ಡಾ’, ಬಂತು ಅಂತ. ಅಮ್ಮ ಗಂಟೆಗಟ್ಟಲೆ ಹೊರಗೆ ಹೋದರೂ ಅಳದ ಮಗು ಅದು. ಫ್ರಾಯ್ಡ್‌ಗೆ ಕಾಡಿದ್ದು, ಅದು ಎಷ್ಟೋ ಸಲ ಎಸೆಯೋದನ್ನಷ್ಟೇ ಆಡುತ್ತಿತ್ತು. ಮನಸ್ಸು ಸುಖದ ಕಡೆಗೇ ಓಡುತ್ತದೆ ಅನ್ನೋದು ನಿಜವಾದರೆ, ನೋವನ್ನು ಮತ್ತೆ ಮತ್ತೆ ಯಾಕೆ ಆಡಬೇಕು? ಯುದ್ಧದಿಂದ ಬಂದವರಿಗೆ ಅದೇ ಭಯದ ಕನಸು ಮತ್ತೆ ಮತ್ತೆ ಯಾಕೆ ಬೀಳಬೇಕು? 20 ವರ್ಷ ಕಟ್ಟಿದ ಸಿದ್ಧಾಂತ ಅಲ್ಲಾಡಿತು, ಸಾವಿನ ಪ್ರೇರಣೆಯ ಮಾತು ಬಂತು. ಮುಂದಿನದು ಬರೀ ಊಹಾಪೋಹ ಅಂತ ಅವನೇ ಒಪ್ಪಿಕೊಂಡು ಬರೆಯುತ್ತಾನೆ. ನನ್ನ ಮಗಳು ಬಾಗಿಲ ಹಿಂದೆ ನಿಂತು ‘ಅಮ್ಮ ಇಲ್ಲಾ’ ಅಂತ ಆಡುವಾಗೆಲ್ಲ ಆ ಪುಟ ನೆನಪಾಗುತ್ತದೆ.

ಸಂಜೆಓದು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಅಧ್ಯಾಯ ಬ್ರೆಂಟಾನೊ ಪಾಠದಿಂದ, ಕೊನೆಯದು ಆ ರೀಲಿನಿಂದ. ಮೇಷ್ಟ್ರೇ, 1915ರ ಲೇಖನ ಇವತ್ತು ರಾತ್ರಿಯೇ ಓದುತ್ತೇನೆ. ‘ಸುಪ್ತ’ವನ್ನು ಡ್ರಾಫ್ಟ್‌ನಲ್ಲಿ ಎಲ್ಲ ಕಡೆ ಹೊಡೆದು ಹಾಕುತ್ತಿದ್ದೇನೆ.