ಗೇರ್ ಬಾಕ್ಸಿನೊಳಗೆ ಕೂತ ಕ್ಲೀನರ್

ಶನಿವಾರ ರಾತ್ರಿ ಸೀನನ ಮನೆಯಲ್ಲಿ ಜಗಳ ಶುರುವಾದದ್ದು ಅವನ ಲಾರಿ ಹಿಂದಕ್ಕೆ ಹೋಗಿ ಕಾರಿಗೆ ಗುದ್ದಿದ್ದರಿಂದ. ಗಾಬರಿ ಬೇಡ, ಕಂಪ್ಯೂಟರಿನ ಲಾರಿ. ಯೂರೋ ಟ್ರಕ್ ಸಿಮ್ಯುಲೇಟರ್ 2, ಬಂದದ್ದು 2012ರಲ್ಲಿ. ನಾವು ಮೂವರು ಇನ್ನೂ ಅದರಲ್ಲೇ ಬಾಡಿಗೆ ಹೊಡೆಯುತ್ತಿದ್ದೇವೆ.

ಆದದ್ದಿಷ್ಟು. ಸಿಗ್ನಲ್ಲಿನಲ್ಲಿ ಲಾರಿ ನಿಂತಿತ್ತು. ಸೀನನಿಗೆ ಸಮಾಧಾನವಿಲ್ಲ, ಬ್ರೇಕ್ ಬಿಟ್ಟು ಇನ್ನೊಂದು ಸಲ ಒತ್ತಿದ. ಆಟದ 'ಸಿಂಪಲ್ ಆಟೋಮ್ಯಾಟಿಕ್' ಸೆಟ್ಟಿಂಗಿನಲ್ಲಿ ನಿಂತ ಲಾರಿಗೆ ಮತ್ತೆ ಬ್ರೇಕ್ ಒತ್ತಿದರೆ ಅದು ರಿವರ್ಸ್. ಲಾರಿ ವಿನಯದಿಂದ ಹಿಂದೆ ಸರಿಯಿತು. ದಂಡ ಬಿತ್ತು, ಯೂರೋದಲ್ಲಿ.

"ಆಟೋಮ್ಯಾಟಿಕ್ ಅಂದ್ರೆ ಇಷ್ಟೇ ಕಣೋ. ಗೇರ್ ನಾವೇ ಹಾಕಬೇಕು" ಎಂದ ಗುರು. ಇವನು ಗೇರ್ ಹಾಕುವುದು ಕೀಬೋರ್ಡಿನ ಶಿಫ್ಟ್ ಮತ್ತು ಕಂಟ್ರೋಲ್ ಗುಂಡಿಗಳಲ್ಲಿ. ಸ್ಟೀರಿಂಗ್ ಇಲ್ಲ, ಕ್ಲಚ್ ಇಲ್ಲ. ಆದರೂ ಮಾತಾಡುವಾಗ ಎಡಗಾಲು ಒಮ್ಮೆ ನೆಲ ಒತ್ತುತ್ತದೆ.

"ನನ್ನ ವೋಲ್ವೋದಲ್ಲಿ ಇರೋದು ಎಎಂಟಿ, ಆಟೋಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್. ಆಟೋಮ್ಯಾಟಿಕ್ ಅಲ್ಲ" ಎಂದ ಸೀನ.

"ಎರಡೂ ಒಂದೇ ಅಲ್ವಾ?"

ಇಲ್ಲಿಗೆ ಕಾಫಿ ಬಂತು. ಜೊತೆಗೆ ಸೀನನ ಸೋದರಮಾವ ಬಂದರು. ಇಪ್ಪತ್ತೆರಡು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ನಾವೆಲ್ಲ ಮಾವ ಅಂತಲೇ ಕರೆಯುತ್ತೇವೆ. ಸ್ಕ್ರೀನ್ ಕಡೆ ಒಂದು ಸಲ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಕ್ಲೀನರ್ ಎಲ್ಲಿ?"

ನಾನು ಪಂಚಾಯ್ತಿಗೆ ಇಳಿದೆ. ಇಬ್ಬರೂ ಎರಡು ಬೇರೆ ವಿಷಯವನ್ನು ಕಲಸಿಕೊಂಡಿದ್ದರು. ಸೆಟ್ಟಿಂಗಿನಲ್ಲಿ 'ಆಟೋಮ್ಯಾಟಿಕ್' ಅಂತ ಆರಿಸಿದರೆ ಗೇರ್ ಹಾಕುವ ಕೆಲಸ ಆಟದ್ದು, 'ಸೀಕ್ವೆನ್ಷಿಯಲ್' ಆದರೆ ನಮ್ಮದು. ಅಷ್ಟೇ ಅದರ ಅರ್ಥ. ಲಾರಿಯೊಳಗೆ ಯಾವ ಪೆಟ್ಟಿಗೆ ಕೂತಿದೆ ಅನ್ನುವುದು ವರ್ಕ್‌ಶಾಪಿನಲ್ಲಿ ನೀವು ದುಡ್ಡು ಕೊಟ್ಟು ತಂದದ್ದರ ಮೇಲೆ.

"ಎಎಂಟಿ ಅಂದ್ರೆ ಮಾವ, ಒಳಗಡೆ ನಿಮ್ಮ ಹಳೇ ಮ್ಯಾನ್ಯುವಲ್ ಗೇರ್ ಬಾಕ್ಸೇ. ಹಲ್ಲಿನ ಚಕ್ರ, ಕ್ಲಚ್ ಪ್ಲೇಟು ಎಲ್ಲ ಹಾಗೇ ಇದೆ. ಕ್ಲಚ್ ಒತ್ತೋದು, ಗೇರ್ ತಳ್ಳೋದು ಮಾತ್ರ ಗಾಳಿಯ ಒತ್ತಡದಲ್ಲಿ. ಯಾವಾಗ ಅಂತ ಕಂಪ್ಯೂಟರ್ ಹೇಳುತ್ತೆ. ವೋಲ್ವೋದವರು 2001ರಲ್ಲೇ ಐ-ಶಿಫ್ಟ್ ಅಂತ ತಂದರು, ಹನ್ನೆರಡು ಗೇರು."

"ಅಂದ್ರೆ ಒಳಗೆ ಒಬ್ಬ ಕ್ಲೀನರ್ ಕೂತಿದ್ದಾನೆ ಅನ್ನು."

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

"ಹೌದು ಮಾವ. ಅವನು ಕ್ಲಚ್ ಒತ್ತಿದಾಗ ಇಂಜಿನ್ನಿಗೂ ಚಕ್ರಕ್ಕೂ ಅರೆಗಳಿಗೆ ಮಾತು ಬಿಡುತ್ತೆ. ಎಳೆತ ನಿಲ್ಲುತ್ತೆ."

"ಅದು ನಮ್ಮ ಭಾವನ ಕಾರಲ್ಲಿ ಗೊತ್ತಾಗುತ್ತೆ" ಎಂದ ಗುರು. "ಎಎಂಟಿ ಕಾರು. ಗೇರ್ ಬಿದ್ದಾಗೆಲ್ಲ ಮನೆಮಂದಿಯೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸ್ತೀವಿ. ಅಕ್ಕ ಏನು ಕೇಳಿದ್ರೂ ಹೂಂ ಅಂದ ಹಾಗಾಗುತ್ತೆ."

ನಿಜವಾದ ಆಟೋಮ್ಯಾಟಿಕ್ಕಿನ ಸಂಗತಿ ಬೇರೆ. ಅಲ್ಲಿ ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್. ಎಣ್ಣೆ ತುಂಬಿದ ಡಬ್ಬಿಯಲ್ಲಿ ಎರಡು ಫ್ಯಾನ್ ಎದುರುಬದುರು ಇಟ್ಟ ಹಾಗೆ. ಇಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆ ಇನ್ನೊಂದನ್ನು ತಳ್ಳುತ್ತದೆ. ಗೇರ್ ಬದಲಾದರೂ ಎಳೆತ ತಪ್ಪುವುದಿಲ್ಲ. ಆದರೆ ಎಣ್ಣೆಯಲ್ಲಿ ಜಾರಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹಾಗಾಗಿ ಇದು ನಿಂತು ನಿಂತು ಹೋಗುವ ಕಸದ ಲಾರಿಗೆ, ಅಗ್ನಿಶಾಮಕ ವಾಹನಕ್ಕೆ ಸರಿ. ಯೂರೋಪಿನ ಹೆದ್ದಾರಿಯ ಲಾರಿಗಳಲ್ಲಿ ಎಎಂಟಿಯದೇ ರಾಜ್ಯ.

ಆಟದಲ್ಲೂ ಆಲಿಸನ್ ಕಂಪನಿಯ ಆರು ಗೇರಿನ ಆಟೋಮ್ಯಾಟಿಕ್ ಸಿಗುತ್ತದೆ. ಪರೀಕ್ಷೆ ಮಾಡಿಯೇ ಬಿಡೋಣ ಅಂದೆವು. ನಾರ್ವೆಯ ಬೆರ್ಗನ್ನಿನಿಂದ ಓಸ್ಲೋಗೆ, ಹಿಂದೆ 24 ಟನ್. ಮೊದಲು ಆಲಿಸನ್. ಏರು ಬಂದಾಗ ಇಂಜಿನ್ನಿನ ದನಿ ಒಂದೇ ಉಸಿರಿನಲ್ಲಿ ಏರಿತು, ಇಳಿಯಿತು. ಎಲ್ಲೂ ತುಂಡಾಗಲಿಲ್ಲ. ಗುರು ಒಂದು ಗುಂಡಿ ಒತ್ತದೆ ಮೇಲೆ ತಲುಪಿದ. ಮುಖ ನೋಡಬೇಕಿತ್ತು, ಸಿಟ್ಟು ಬಂದ ಹಾಗಿತ್ತು.

ಆಮೇಲೆ ಅದೇ ಏರಿಗೆ ಎಎಂಟಿ. ಓಡಿಸಲು ಮಾವ ಕೂತರು. ಬಾಣದ ಗುಂಡಿಗಳನ್ನು ಎರಡೇ ನಿಮಿಷದಲ್ಲಿ ಕಲಿತರು. ಆಟದ ಗಡಿಯಾರದಲ್ಲಿ ಅದು 38 ನಿಮಿಷ, ಅಲ್ಲಿ ಹೆದ್ದಾರಿಯಲ್ಲಿ ಕಾಲ ಹತ್ತೊಂಬತ್ತು ಪಟ್ಟು ಓಡುತ್ತದೆ. ಏರಿನಲ್ಲಿ ವೇಗ ಇಳಿಯತೊಡಗಿತು. ಕಂಪ್ಯೂಟರ್ ಯೋಚಿಸಿ ಒಂದು ಗೇರ್ ಇಳಿಸಿತು. ಆ ಅರೆಗಳಿಗೆಯಲ್ಲಿ ಎಳೆತ ಹೋಯಿತು, ಲಾರಿ ಇನ್ನಷ್ಟು ಸೊರಗಿತು. ಮತ್ತೆ ಯೋಚಿಸಿತು, ಮತ್ತೊಂದು ಗೇರ್.

"ಒಟ್ಟಿಗೆ ಎರಡು ಇಳಿಸೋ ಮಾರಾಯ!" ಎಂದು ಮಾವ ಸ್ಕ್ರೀನಿಗೆ ಬೈದರು. "ಏರು ಕಣ್ಣಿಗೆ ಕಾಣ್ತಿದೆಯಲ್ಲ, ಮೊದಲೇ ಇಳಿಸೋದಕ್ಕೆ ಏನು ರೋಗ ಇವನಿಗೆ?"

ಗುರು ನನ್ನ ಕಡೆ ಗೆದ್ದವನ ಹಾಗೆ ನೋಡಿದ. ಸುಮ್ನೆ ಹೇಳಬಾರದು, ಈ ಒಂದು ವಿಷಯದಲ್ಲಿ ಅವನೇ ಸರಿ. ಎಎಂಟಿ ಇಟ್ಟುಕೊಂಡು ಏರಿನಲ್ಲಿ ಮಾತ್ರ ಗೇರ್ ನಾವೇ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಅಷ್ಟರಲ್ಲಿ ಲಾರಿ ನಿಂತೇಹೋಯಿತು. ನಿಂತದ್ದು ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. "ಸ್ಪೇಸ್ ಒತ್ತಿ ಮಾವ, ಹ್ಯಾಂಡ್ ಬ್ರೇಕು!" ಎಂದು ನಾವು ಕೂಗಿದೆವು. ಮಾವ ಕೀಬೋರ್ಡ್ ಬಿಟ್ಟು ಬಾಗಿಲ ಕಡೆ ತಿರುಗಿ ಅದಕ್ಕಿಂತ ಜೋರಾಗಿ ಕೂಗಿದರು.

"ಲೇ ಸೀನಾ, ಇಳಿದು ಹಿಂದಿನ ಟೈರಿಗೆ ಕಲ್ಲು ಕೊಡೋ!"

ಸೀನ ಕಾಫಿ ಲೋಟ ಕೆಳಗಿಟ್ಟು ಎದ್ದೇಬಿಟ್ಟ.