ಕಿವಿ ಹಾಲೆ, ಹುಣಸೆ ಬೀಜ ಮತ್ತು ಮೆಂಡೆಲ್‌ನ ಹತ್ತು ಗಿಡ

ವಾಟ್ಸಾಪ್ ಗುಂಪು: ಬಿ.ಎಡ್. ವಿಜ್ಞಾನ ಬಳಗ
ಶನಿವಾರ, ಸಂಜೆ 6:12ರಿಂದ

ಬಸವರಾಜ: [ಪಿಡಿಎಫ್] ಅನುವಂಶೀಯತೆ – 12 ಉಚಿತ ಆನ್‌ಲೈನ್ ಸಂಪನ್ಮೂಲಗಳು

ಬಸವರಾಜ: ಎಸ್ಸೆಸ್ಸೆಲ್ಸಿಗೆ ಪಾಠ ಮಾಡೋರು ಇಳಿಸ್ಕೋರಿ. ಮೊದಲನೇ ಪುಟದಾಗಿನ ‘ನಮ್ಮ ಮನೆ ಗುಣಪಟ್ಟಿ’ ಭಾರಿ ಅದ. ನಾಲಿಗೆ ಸುರುಳಿ, ಕಿವಿ ಹಾಲೆ, ಕೆನ್ನೆ ಗುಳಿ. ಹುಡುಗರು ಮನ್ಯಾಗ ಅಪ್ಪ-ಅವ್ವಂದು ನೋಡಿ ತುಂಬ್ಕೊಂಡು ಬಂದ್ರ ಸೋಮವಾರ ಪನ್ನೆಟ್ ಚೌಕ (ಅಪ್ಪ-ಅವ್ವನ ಜೀನು ಜೋಡಿಸಿ ಮಕ್ಕಳ ಗುಣದ ಸಾಧ್ಯತೆ ನೋಡೋ ಕೋಷ್ಟಕ) ಹಾಕಿಸಬಹುದು.

ನಾಗವೇಣಿ: 🙏 ಉಪಕಾರ ಆಯ್ತು.

ಶೋಭಾ: ಬಸವರಾಜ್, ಉಳಿದ ಪುಟ ಇರಲಿ, ಆ ಮೊದಲನೇದು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ವಿಷಯವೇ ತಪ್ಪು.

ಬಸವರಾಜ: ತಪ್ಪು ಹೆಂಗ? ಕಿವಿ ಹಾಲೆ ಚಟುವಟಿಕೆ ಪಠ್ಯಪುಸ್ತಕದಾಗೇ ಅದ ಅಲ್ರೀ.

ಶೋಭಾ: ಇದೆ. ಅದಕ್ಕೇ ಹೇಳ್ತಿರೋದು. ನಾಲಿಗೆಯಿಂದ ಶುರು ಮಾಡ್ತೀನಿ. ಸುರುಳಿ ಮಾಡೋದು ಪ್ರಬಲ ಗುಣ, ಅಂದ್ರೆ ಜೀನಿನ ಒಂದು ಪ್ರತಿ ಇದ್ದರೂ ಕಾಣಿಸೋದು, ಅಂತ 1940ರಲ್ಲಿ ಬರೆದದ್ದು ಆಲ್ಫ್ರೆಡ್ ಸ್ಟರ್ಟೆವಂಟ್. ಕ್ರೋಮೋಸೋಮಿನ ಮೇಲೆ ಜೀನುಗಳ ಮೊದಲ ನಕ್ಷೆ ಮಾಡಿದವರೇ, ಸಾಮಾನ್ಯರಲ್ಲ. 1952ರಲ್ಲಿ ಮ್ಯಾಟ್ಲಾಕ್ 33 ಜೋಡಿ ತದ್ರೂಪಿ ಅವಳಿಗಳನ್ನು ನೋಡಿದರು. 7 ಜೋಡಿಯಲ್ಲಿ ಒಬ್ಬರಿಗೆ ಬರುತ್ತೆ, ಇನ್ನೊಬ್ಬರಿಗೆ ಬರಲ್ಲ. ಒಂದೇ ಜೀನ್ ತೀರ್ಮಾನ ಮಾಡೋದಾದರೆ ಅದು ಆಗೋಕೇ ಸಾಧ್ಯ ಇಲ್ಲ. 1965ರಲ್ಲಿ ಸ್ಟರ್ಟೆವಂಟ್ ತಾವೇ ಆ ಮಾತು ಹಿಂದಕ್ಕೆ ತಗೊಂಡ್ರು. ವರ್ಕ್‌ಶೀಟುಗಳು ಮಾತ್ರ ಇನ್ನೂ ತಗೊಂಡಿಲ್ಲ.

ಗಣೇಶ್ ಭಟ್: ಹಾಗಾದ್ರೆ ಕಿವಿಯದ್ದು?

ಶೋಭಾ: ಅಂಟಿದ್ದು, ಬಿಡಿ ಅಂತ ಎರಡೇ ಜಾತಿ ಇಲ್ಲ ಗಣೇಶ್. ಅರ್ಧ ಅಂಟಿದ್ದು, ಕಾಲು ಅಂಟಿದ್ದು, ಎಲ್ಲಾ ಇರುತ್ತೆ. 2017ರಲ್ಲಿ 74 ಸಾವಿರಕ್ಕೂ ಹೆಚ್ಚು ಜನರ ಜೀನೋಮ್ ಹುಡುಕಿದಾಗ ಈ ಒಂದು ಗುಣಕ್ಕೆ ಸಂಬಂಧಪಟ್ಟ 49 ಜಾಗ ಸಿಕ್ಕಿದವು. ನಲವತ್ತೊಂಬತ್ತು! ಅದನ್ನ ಯಾವ ಪನ್ನೆಟ್ ಚೌಕದಲ್ಲಿ ಕೂರಿಸ್ತೀರಿ?

ಬಸವರಾಜ: ಅಷ್ಟು ಸೂಕ್ಷ್ಮ ಹತ್ತನೇ ಕ್ಲಾಸಿಗೆ ಯಾಕ್ ಬೇಕ್ರೀ. ಮಕ್ಕಳಿಗೆ ತಮ್ಮ ಮೈ ಬಗ್ಗೆ ಕುತೂಹಲ. ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್‌ನ ಬಟಾಣಿ ಯಾರು ನೋಡ್ತಾರ?

ಶೋಭಾ: ಸೂಕ್ಷ್ಮದ ಮಾತಲ್ಲ ಇದು. ಆ ಹಾಳೆಯ ಕೊನೇ ಸಾಲು ಓದಿ: ‘ಇಬ್ಬರು ಪೋಷಕರ ಹಾಲೆಯೂ ಅಂಟಿದ್ದರೆ ಮಗುವಿನದು ಬಿಡಿಯಾಗಿರಲು ಸಾಧ್ಯವಿಲ್ಲ.’ ನಲವತ್ತು ಮಕ್ಕಳಲ್ಲಿ ಒಂದು ಮಗುವಿನ ಮನೆಯಲ್ಲಿ ಹಾಗೇ ಇದ್ದರೆ? ಆ ಮಗು ಕ್ಲಾಸಲ್ಲಿ ಎದ್ದು ನಿಂತು ಕೇಳಿದರೆ ನಿಮ್ಮ ಉತ್ತರ ಏನು? ದತ್ತು ಮಕ್ಕಳು ಇರ್ತಾರೆ, ಅಪ್ಪ ಇಲ್ಲದ ಮಕ್ಕಳು ಇರ್ತಾರೆ. ಅವರು ಆ ಕಾಲಂನಲ್ಲಿ ಏನು ಬರೀಬೇಕು?

ನಾಗವೇಣಿ: ಅದು ನಿಜ.

ಬಸವರಾಜ: ಹಂಗಾರ ರಕ್ತದ ಗುಂಪು ತೊಗೊಳ್ಳೋಣ. ಅದಂತೂ ಒಂದೇ ಜೀನ್, ಪಕ್ಕಾ.

ಇಮ್ತಿಯಾಜ್: ಜೀನ್ ಪಕ್ಕಾ, ಮನೆಯಿಂದ ಬರೋ ಮಾಹಿತಿ ಪಕ್ಕಾ ಅಲ್ಲ. ಐಡಿ ಕಾರ್ಡಿನಲ್ಲಿ ಬರೆದ ಗುಂಪು ಪರೀಕ್ಷೆ ಮಾಡಿಸಿದ್ದೋ, ಬಾಯಿಮಾತಿಂದೋ ಗೊತ್ತಾಗಲ್ಲ. ಜೊತೆಗೆ ‘ಎಬಿ ತಂದೆಗೆ ಒ ಮಗು ಹುಟ್ಟಲ್ಲ’ ಅಂತ ಬೋರ್ಡ್ ಮೇಲೆ ಬರೆದುಬಿಡ್ತೀವಿ. ಅದಕ್ಕೂ ಅಪವಾದ ಇದೆ, ನಮ್ಮ ದೇಶದಲ್ಲೇ ಮೊದಲು ಸಿಕ್ಕಿದ್ದು. 1952ರಲ್ಲಿ ಭೆಂಡೆ ಮತ್ತು ಜೊತೆಯವರು ವರದಿ ಮಾಡಿದ ಬಾಂಬೆ ಗುಂಪು. ಕೆಂಪು ರಕ್ತಕಣದ ಮೇಲೆ ಎಚ್ ಅನ್ನೋ ಬುಡ ಇದ್ದರೆ ತಾನೇ ಅದರ ಮೇಲೆ ಎ, ಬಿ ಕಟ್ಟೋದು. ಬುಡವೇ ಇಲ್ಲದಿದ್ದರೆ ಎ ಜೀನ್ ಇದ್ದರೂ ಮಾಮೂಲಿ ಪರೀಕ್ಷೆಯಲ್ಲಿ ಒ ಅಂತಲೇ ಬರುತ್ತೆ. ಕಾಲ್ಪನಿಕ ಕುಟುಂಬ ಕೊಟ್ಟು ರಕ್ತದ ಗುಂಪಿನ ಲೆಕ್ಕ ಮಾಡಿಸಿ. ಮನೆಯಿಂದ ತರಿಸಬೇಡಿ.

ಬಸವರಾಜ: ಎಲ್ಲಾ ಬ್ಯಾಡ ಬ್ಯಾಡ ಅಂತೀರಿ. ಬೇಕಾದ್ದು ಏನು ಅದನ್ನ ಹೇಳ್ರಿ ಮತ್ತ. ಪರೀಕ್ಷೆಗೆ ಆ ಚಟುವಟಿಕೆ ಕೇಳಿದ್ರ?

ಶೋಭಾ: ಚಟುವಟಿಕೆ ಉಳಿಸಿಕೊಳ್ಳಿ, ಅಪ್ಪ-ಅಮ್ಮನ ಕಾಲಂ ತೆಗೀರಿ. ಹೀಗೆ ಮಾಡಿ: ಮಕ್ಕಳಲ್ಲೇ ಎರಡು ತಂಡ. ಎರಡೂ ತಂಡ ಒಬ್ಬರಿಗೊಬ್ಬರು ತೋರಿಸದೆ ಇಡೀ ಕ್ಲಾಸಿನ ಕಿವಿ ನೋಡಿ ಅಂಟಿದ್ದು, ಬಿಡಿ ಅಂತ ಪಟ್ಟಿ ಮಾಡಲಿ. ಪಠ್ಯ ಕೇಳುವ ಶೇಕಡಾ ಲೆಕ್ಕ ಮುಗೀತು. ಆಮೇಲೆ ಎರಡು ಪಟ್ಟಿ ಪಕ್ಕಪಕ್ಕ ಇಡಿ. ಯಾರ ಹೆಸರಿನ ಮುಂದೆ ಜಗಳ ಬರುತ್ತೋ ಅವರದ್ದೇ ಮಧ್ಯದ ಕಿವಿ. ‘ಗೆರೆ ಎಲ್ಲಿ ಎಳೀಬೇಕು?’ ಅಂತ ಕೇಳಿ. ಎತ್ತರದ ಹಾಗೆ ಹಲವು ಜೀನುಗಳ ಗುಣ ಅಂದ್ರೆ ಏನು ಅಂತ ಅಲ್ಲೇ ಗೊತ್ತಾಗುತ್ತೆ.

ಗಣೇಶ್ ಭಟ್: ಇದು ಲಾಯ್ಕುಂಟು. ಆದ್ರೆ ಮೆಂಡೆಲ್‌ನ 3:1, ಅಂದ್ರೆ ಮೂರು ಪ್ರಬಲಕ್ಕೆ ಒಂದು ದುರ್ಬಲ, ಎಲ್ಲಿ ತೋರಿಸುದು? ಚೌಕಾಬಾರದ ಹುಣಸೆ ಬೀಜ ಹಾಕ್ಸಿದ್ರೆ ಆಗ್ಲಿಕ್ಕಿಲ್ವಾ? ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡುದು. ಎರಡು ಬೀಜ ಎಸೆದು ಎರಡೂ ಬಿಳಿ ಬಿದ್ರೆ ಗಿಡ್ಡ, ಇಲ್ಲದಿದ್ರೆ ಎತ್ತರ.

ಇಮ್ತಿಯಾಜ್: ಐಡಿಯಾ ಒಳ್ಳೇದು, ಬೀಜ ಮೋಸ ಮಾಡುತ್ತೆ. ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಉಬ್ಬು. ಸರಿಸಮ ಬೀಳಲ್ಲ. ಬಿಳಿ ಬೀಳೋದು 60% ಆಯ್ತು ಅನ್ಕೊಳ್ಳಿ, ಎರಡೂ ಬಿಳಿ ಬೀಳೋದು 0.6 × 0.6, ಅಂದ್ರೆ 36%. 75:25 ಬರೋ ಕಡೆ 64:36. ‘ಮೆಂಡೆಲ್ ಸುಳ್ಳು’ ಅಂತ ಹುಡುಗರು ಬರ್ಕೊಂಡು ಹೋಗ್ತಾರೆ.

ಗಣೇಶ್ ಭಟ್: ಎಸೆಯುದು ಬೇಡ, ಡಬ್ಬಿಯಿಂದ ತೆಗೆದ್ರೆ?

ಇಮ್ತಿಯಾಜ್: ಅದು ಸರಿ. ಆದರೆ ಉಜ್ಜಿದ ಬೀಜ ಬೆರಳಿಗೆ ಒರಟಾಗಿ ಸಿಗುತ್ತೆ, ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ. ಉಜ್ಜಬೇಡಿ. ಒಂದೇ ಗಾತ್ರದ ಬೀಜ ಆರಿಸಿ ಅರ್ಧಕ್ಕೆ ನೇಲ್ ಪಾಲಿಶ್ ಚುಕ್ಕೆ ಇಡಿ, ತೆಳುವಾಗಿ, ರಾತ್ರಿಯೆಲ್ಲಾ ಒಣಗಲಿ. ಎರಡು ಡಬ್ಬಿ, ತಲಾ 10 ಚುಕ್ಕೆಯದು, 10 ಚುಕ್ಕೆ ಇಲ್ಲದ್ದು. ಅಲ್ಲಾಡಿಸಿ ಪ್ರತಿ ಡಬ್ಬಿಯಿಂದ ಒಂದೊಂದು ತೆಗೆದು, ಬರೆದು, ಅದೇ ಡಬ್ಬಿಗೆ ವಾಪಸ್. ಎರಡೂ ಚುಕ್ಕೆಯದಾದರೆ ಗಿಡ್ಡ, ಇಲ್ಲದಿದ್ದರೆ ಎತ್ತರ. ವಾಪಸ್ ಹಾಕೋದನ್ನ ಮಕ್ಕಳು ಮರೆತೇ ಮರೀತಾರೆ. ಹಾಕದಿದ್ದರೆ ಚುಕ್ಕೆ ಬೀಜ ಕಮ್ಮಿಯಾದಂತೆ ಸಾಧ್ಯತೆಯೂ ಬದಲಾಗುತ್ತೆ.

ಇಮ್ತಿಯಾಜ್: ಎಣಿಕೆ ಚಿಕ್ಕದಿದ್ದರೆ ಅನುಪಾತ ಬರಲ್ಲ. ನಾಲ್ಕು ಸಲ ತೆಗೆದರೆ ನಿಖರವಾಗಿ 3:1 ಬರೋದು 42% ಮಾತ್ರ. ಎಂಟು ಸಲಕ್ಕೆ ನಿಖರ 6:2 ಇನ್ನೂ ಕಮ್ಮಿ, 31%. 20 ಜೋಡಿ ಮಕ್ಕಳು ತಲಾ 40 ಸಲ ತೆಗೆದು ಎಲ್ಲಾ ಕೂಡಿಸಿದರೆ 800. ಆಗ 600:200ರ ಆಸುಪಾಸು, ಸಾಮಾನ್ಯವಾಗಿ 25ರೊಳಗಿನ ಹೆಚ್ಚುಕಮ್ಮಿ. ಜೋಡಿಯ ಲೆಕ್ಕ ಮೊದಲು ಬೋರ್ಡ್ ಮೇಲೆ, ಮೊತ್ತ ಆಮೇಲೆ. ಹಿಂದುಮುಂದಾದರೆ ‘ನಮ್ಮದು ತಪ್ಪು ಬಂತು’ ಅಂತ ಅಂಕಿ ತಿದ್ತಾರೆ.

ಬಸವರಾಜ: ಪಟ್ಟಿಯೊಳಗ ಮೊಲದ ಸಿಮ್ಯುಲೇಶನ್ ಅದ, 4ನೇದು. ಬೀಜ-ಗೀಜ ಯಾಕ, ಅದನ್ನೇ ಹಾಕೋಣ.

ಶೋಭಾ: ಫೆಟ್ ಅನ್ನೋ ಉಚಿತ ಸಿಮ್ಯುಲೇಶನ್ ತಾಣದ್ದು ತಾನೇ, ಕೊಲೊರಾಡೊ ವಿಶ್ವವಿದ್ಯಾಲಯದ್ದು. ಪಟ್ಟಿಯಲ್ಲಿ ಅತಿ ಒಳ್ಳೇದು ಅದೇ, ಆದರೆ ಅದು ಅನುಪಾತಕ್ಕಲ್ಲ, ನೈಸರ್ಗಿಕ ಆಯ್ಕೆಗೆ. ಒಂದೇ ಫೈಲಾಗಿ ಇಳಿಸಿಕೊಂಡರೆ ನೆಟ್ ಇಲ್ಲದೆ ಓಡುತ್ತೆ. ಮೊಬೈಲಲ್ಲಿ ಎಚ್‌ಟಿಎಂಎಲ್ ವ್ಯೂವರ್‌ನಲ್ಲಿ ತೆರೆದರೆ ಬಿಳಿ ಪರದೆ ಬರಬಹುದು, ಕ್ರೋಮ್‌ನಲ್ಲಿ ತೆರೆಯಿರಿ. ಮೊದಲು ಸಂಗಾತಿ ಮೊಲ ಸೇರಿಸಿ, ಆಮೇಲೆ ಕಂದು ತುಪ್ಪಳದ ಉತ್ಪರಿವರ್ತನೆ, ಎರಡು ಮೂರು ಪೀಳಿಗೆ ಕಳೆದ ಮೇಲೆ ತೋಳ. ತೋಳ ಮೊದಲು ಬಿಟ್ಟು ಆಮೇಲೆ ಕಂದು ಬಣ್ಣ ಒತ್ತಿದರೆ, ತೋಳ ಬಂದದ್ದಕ್ಕೆ ಮೊಲ ಬಣ್ಣ ಬದಲಿಸಿತು ಅಂತ ಮಕ್ಕಳ ತಲೇಲಿ ಕೂತುಬಿಡುತ್ತೆ. ತೋಳವನ್ನೂ ಬಿಡದೆ ಆಹಾರಕ್ಕೂ ಮಿತಿ ಹಾಕದೆ ಬಿಟ್ಟರೆ ಮೊಲಗಳು ಭೂಮಿ ತುಂಬಿ ಆಟವೇ ಮುಗಿಯುತ್ತೆ. ಅದನ್ನ ಬೇಕಂತಲೇ ಒಮ್ಮೆ ತೋರಿಸಿ.

ನಾಗವೇಣಿ: 5 ಮತ್ತು 9ನೇ ಕೊಂಡಿ ತೆರೀತಿಲ್ಲ. ನನ್ನ ಫೋನ್ ತೊಂದರೆನಾ?

ಇಮ್ತಿಯಾಜ್: ಫೋನಲ್ಲ ಮೇಡಂ. ಅವೆರಡೂ ಫ್ಲ್ಯಾಶ್ ಅನ್ನೋ ಹಳೇ ತಂತ್ರಾಂಶದಲ್ಲಿ ಮಾಡಿದ್ದು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತೋಯ್ತು. ಅಂದ್ರೆ ಈ ಪಟ್ಟಿ ಅದಕ್ಕೂ ಹಿಂದಿನದು, ಯಾರೋ ಮೇಲಿನ ಹೆಸರು ಮಾತ್ರ ಹೊಸದು ಹಾಕಿದ್ದಾರೆ.

ಗಣೇಶ್ ಭಟ್: 7ನೇದು ಬಾಳೆಹಣ್ಣಿನ ಡಿಎನ್‌ಎ. ಸ್ಯಾನಿಟೈಸರ್ ಸಾಕು ಅಂತ ಬರ್ದಿದ್ದಾರೆ. ಅದು ಸರಿಯಾ?

ಇಮ್ತಿಯಾಜ್: ಇಲ್ಲ. ಡಿಎನ್‌ಎ ಬೇರೆಯಾಗಿ ಕಾಣೋಕೆ ಒಟ್ಟು ದ್ರವದಲ್ಲಿ ಎಥನಾಲ್ 60% ದಾಟಬೇಕು ಅಂತ ಇಟ್ಕೊಳ್ಳಿ. 5 ಮಿ.ಲೀ. ಸೋಸಿದ ರಸಕ್ಕೆ 95%ದು 10 ಮಿ.ಲೀ. ಹಾಕಿದರೆ ಸುಮಾರು 63% ಆಗುತ್ತೆ. 70% ಸ್ಯಾನಿಟೈಸರ್ ಅಷ್ಟೇ ಹಾಕಿದರೆ 47ರ ಹತ್ತಿರ ನಿಲ್ಲುತ್ತೆ. ಮೇಲಿಂದ ಅದರಲ್ಲಿರೋ ಜೆಲ್ಲೇ ಲೋಳೆ ಥರ ಕಾಣುತ್ತೆ, ಹುಡುಗರು ಅದನ್ನೇ ಡಿಎನ್‌ಎ ಅಂತ ಕಡ್ಡಿಗೆ ಸುತ್ಕೋತಾರೆ.

ಇಮ್ತಿಯಾಜ್: ಅರ್ಧ ಬಾಳೆಹಣ್ಣು, 100 ಮಿ.ಲೀ. ನೀರು, ಅರ್ಧ ಟೀ ಚಮಚ ಉಪ್ಪು, ಪಾತ್ರೆ ತೊಳೆಯೋ ಲಿಕ್ವಿಡ್ 10 ಮಿ.ಲೀ. ಹಣ್ಣನ್ನು ಕವರಿನಲ್ಲಿ ಕೈಯಿಂದ ಕಿವುಚಿ. ಮಿಕ್ಸಿ ಬೇಡ, ನೊರೆ ಬರುತ್ತೆ, ಎಳೆಯೂ ತುಂಡಾಗುತ್ತೆ. ಉಳಿದದ್ದೆಲ್ಲಾ ಬೆರೆಸಿ ತೆಳು ಬಟ್ಟೇಲಿ ಸೋಸಿ. ಫ್ರಿಜ್ಜಲ್ಲಿ ತಣ್ಣಗಾದ ಆಲ್ಕೋಹಾಲನ್ನು ಪ್ರನಾಳ ಓರೆ ಹಿಡಿದು ಗೋಡೆಗುಂಟ ಇಳಿಸಿ, ಐದು ನಿಮಿಷ ಮುಟ್ಟಬೇಡಿ. ಹತ್ತಿರ ಬರ್ನರ್ ಉರೀತಿರಬಾರದು. ಮೇಲೇಳೋ ಬಿಳಿ ಎಳೆ ಶುದ್ಧ ಡಿಎನ್‌ಎ ಅಲ್ಲ, ಬಾಳೆಯ ಪೆಕ್ಟಿನ್ನೂ ಜೊತೆಗೇ ಬರುತ್ತೆ ಅಂತ ಹೇಳಿಬಿಡಿ.

ಬಸವರಾಜ: ಅಂದ್ರ ನನ್ನ 12ರಾಗ ಉಳಿದಿದ್ದು ಎಷ್ಟು? 🙂

ಶೋಭಾ: ಬೇಜಾರಾಗಬೇಡಿ. ಬಟಾಣಿ ಯಾರು ನೋಡ್ತಾರೆ ಅಂದ್ರಲ್ಲ, ಇದು ನೋಡಿ. ಮೆಂಡೆಲ್‌ನ 1866ರ ಪ್ರಬಂಧದ ಇಂಗ್ಲಿಷ್ ಅನುವಾದ ನೆಟ್‌ನಲ್ಲಿ ಉಚಿತ. ಪಾಠದಲ್ಲಿ ನಾವು ಕೊಡೋದು ಬರೀ 5474 ಗುಂಡು, 1850 ಸುಕ್ಕು, 2.96:1. ಅದು 253 ಗಿಡದ ಮೊತ್ತ. ಅದರ ಕೆಳಗೇ ಮೊದಲ ಹತ್ತು ಗಿಡದ ಬಿಡಿ ಲೆಕ್ಕ ಇದೆ, ಅದನ್ನ ಯಾರೂ ತೋರಿಸಲ್ಲ. ಮೊದಲ ಗಿಡ 45:12. ನಾಲ್ಕನೇದು 19:10, ಎರಡಕ್ಕಿಂತಲೂ ಕಮ್ಮಿ! ಒಂಬತ್ತನೇದು 28:6, ನಾಲ್ಕೂವರೆಗಿಂತ ಜಾಸ್ತಿ. ಇನ್ನೊಂದು ಗಿಡದಲ್ಲಿ 14 ಗುಂಡು, 15 ಸುಕ್ಕು ಬಂದಿತ್ತು ಅಂತ ಅವನೇ ಬರೆದಿದ್ದಾನೆ. ಹತ್ತು ಗುಂಪಿಗೆ ಹತ್ತು ಗಿಡ ಹಂಚಿ, ಅನುಪಾತ ಮಾಡಿಸಿ, ಆಮೇಲೆ ಕೂಡಿಸಿ. 336:101 ಬರುತ್ತೆ. ಯಾರ ಮನೆ ವಿಷಯವೂ ಬೇಡ.

ಬಸವರಾಜ: ಹೌದಲ್ಲ. 14:15 ಬಂದ ಗಿಡ ಒಂದೇ ನೋಡಿದ್ರ ಅಂವಾ ಅರ್ಧರ್ಧ ಅಂತಿದ್ದ.

ಶೋಭಾ: ಅದೇ! ಇನ್ನೊಂದು. ಪಟ್ಟಿಯ ಕನ್ನಡ ವಿಡಿಯೊದಲ್ಲಿ ‘ದುರ್ಬಲ ಜೀನ್ ಸೋತುಹೋಗುತ್ತದೆ’ ಅಂತಾರೆ. ಆ ದುರ್ಬಲ ಅನ್ನೋ ಪದವೇ ನಮ್ಮ ಕಾಟ. ಮಕ್ಕಳು ರೋಗಿಷ್ಟ, ಶಕ್ತಿಗುಂದಿದ್ದು ಅನ್ಕೋತಾರೆ. ಸುಕ್ಕು ಬಟಾಣಿಯ ಕಾರಣ 1990ರಲ್ಲೇ ಗೊತ್ತಾಗಿದೆ. ಪಿಷ್ಟಕ್ಕೆ ಕವಲು ಮೂಡಿಸೋ ಕಿಣ್ವದ ಜೀನಿನೊಳಗೆ ಸುಮಾರು 800 ಡಿಎನ್‌ಎ ಅಕ್ಷರದ ತುಂಡು ಹೊಕ್ಕಿ ಕೂತಿದೆ, ಕಿಣ್ವ ಆಗಲ್ಲ. ಸಕ್ಕರೆ ಉಳಿಯುತ್ತೆ, ಎಳೆ ಬೀಜ ನೀರು ಜಾಸ್ತಿ ಹೀರುತ್ತೆ, ಒಣಗಿದಾಗ ಸುಕ್ಕಾಗುತ್ತೆ. ಒಂದು ಒಳ್ಳೆ ಪ್ರತಿ ಇದ್ದರೆ ಸಾಕಾಗುವಷ್ಟು ಕಿಣ್ವ ಬರುತ್ತೆ, ಅದಕ್ಕೇ ಗುಂಡು. ಅಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ.

ಗಣೇಶ್ ಭಟ್: ಅಪ್ರಭಾವಿ ಅಂತ ಹೇಳ್ಬಹುದಲ್ಲ?

ಶೋಭಾ: ಹೇಳಿ. ಪರೀಕ್ಷೆಯಲ್ಲಿ ಮಾತ್ರ ಪಠ್ಯದ ಪದವೇ ಬರೀಲಿ, ಮೌಲ್ಯಮಾಪನ ಮಾಡೋರ ಹತ್ತಿರ ಜಗಳ ಆಗೋದು ಬೇಡ.

ನಾಗವೇಣಿ: ಬಸವರಾಜ್ ಸರ್, ಆ ಪಿಡಿಎಫ್ ಎಲ್ಲರಿಗೂ ಡಿಲೀಟ್ ಮಾಡ್ತೀರಾ? ಮೊದಲನೇ ಪುಟ ತೆಗೆದು, ಸತ್ತ ಕೊಂಡಿ ಎರಡೂ ತೆಗೆದು ಮತ್ತೆ ಹಾಕಿ.

ಬಸವರಾಜ: ಮಾಡ್ತೀನ್ರಿ. ತಾಲ್ಲೂಕು ಗ್ರೂಪಿಗೂ ಹಾಕೀನಿ, ಅಲ್ಲೂ ತೆಗೀತೀನಿ. ಶೋಭಾ ಮೇಡಂ, ಆ ಹತ್ತು ಗಿಡದ ಲೆಕ್ಕ ಪೂರ್ತಿ ಟೈಪ್ ಮಾಡ್ರಿ. ನೆಟ್‌ನಾಗ ಸಿಕ್ಕ ಸ್ಕ್ಯಾನಿನಾಗ ಐದನೇದು ನನಗ 82 ಅಂತ ಕಾಣಾಕತ್ತೈತಿ.

ಶೋಭಾ: 45:12, 27:8, 24:7, 19:10, 32:11, 26:6, 88:24, 22:10, 28:6, 25:7. ಐದನೇದು 32. 88 ಇರೋದು ಏಳನೇದರಲ್ಲಿ, ಅದು ದೊಡ್ಡ ಗುಂಪಿಗೆ ಕೊಡಿ.