ಸಾಂಬಾರು ಆರಿದ್ದಕ್ಕೆ ನೂರಕ್ಕೆ 41

"ಗಲ್ಲೆಯಲ್ಲಿ ಕೂರೋದಕ್ಕೂ ಆನ್‌ಲೈನ್ ಕ್ಲಾಸಾ ಮಾರಾಯ?" ಅಂತ ಹೋಟೆಲಿನ ಧಣಿ ಶೆಟ್ರು ಕೇಳಿದ ರೀತಿಗೆ ವಿನಾಯಕನ ಕೈಯಲ್ಲಿದ್ದ ಇಡ್ಲಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ವಿನಾಯಕ ನಮ್ಮ ಕುಲಕರ್ಣಿಯವರ ಅಣ್ಣನ ಮಗ. ಮುಂಬಯಿಯ ಪವಯಿಯಲ್ಲಿ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ. ಮನೆಯಲ್ಲೇ ಕೂತವರಿಗೆ ಆಫೀಸು, ಅಂಗಡಿ, ಹೋಟೆಲಿನ ಕೆಲಸ ಕಲಿಸುವ ಕಂಪನಿ ಅದು. ಪಾಠ ಕಮ್ಮಿ, ಮಾಡಿಸೋದು ಜಾಸ್ತಿ. ಬಿಲ್ ಎಂಟ್ರಿ ಮಾಡು, ಗಿರಾಕಿಗೆ ಮೇಲ್ ಬರಿ, ಸಿಟ್ಟಾದವನ ಫೋನು ತಗೋ. ತಪ್ಪಿದರೆ ಆ ಕ್ಷಣವೇ ತೋರಿಸಿ ಮತ್ತೆ ಮಾಡಿಸುತ್ತದೆ.

"ಮೊದಲೆಲ್ಲ ಬರೀ ವಿಡಿಯೋ ಕಾಕಾ. 2012ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸಿನ ತಾಣಗಳು ಬಂದಾಗ ಲಕ್ಷಗಟ್ಟಲೆ ಜನ ಸೇರಿದರು. ಎಷ್ಟೋ ಕೋರ್ಸುಗಳನ್ನ ನೂರಕ್ಕೆ ಹತ್ತು ಜನವೂ ಮುಗಿಸಲಿಲ್ಲ. ಸುಮ್ನೆ ನೋಡಿದರೆ ಬರಲ್ಲ, ಮಾಡಿದರೇ ಬರೋದು."

"ಖರೇ ಅದ ತಮ್ಮಾ. ನಾ ದಿನಾ ಯೂಟ್ಯೂಬಿನಾಗ ಯೋಗಾ ನೋಡ್ತೇನಿ, ಖುರ್ಚಿ ಮ್ಯಾಲ ಕೂತು. ಹೊಟ್ಟಿ ಎಲ್ಲಿತ್ತೋ ಅಲ್ಲೇ ಅದ," ಅಂದರು ಕುಲಕರ್ಣಿಯವರು.

"ಫೀಸು ಎಷ್ಟು?" ಶೆಟ್ರಿಗೆ ಮುಖ್ಯವಾದದ್ದು ಅದು.

"ಹನ್ನೆರಡು ಸಾವಿರ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ."

"ನನ್ನ ಇಡ್ಲಿಗೆ 5, ನಿನ್ನ ಪಾಠಕ್ಕೆ 18! ಯಾವುದು ಹೊಟ್ಟೆಗೆ ಹೋಗ್ತದೆ ಅಂತ ಸರ್ಕಾರಕ್ಕೂ ಗೊತ್ತುಂಟು."

ಮಾಟುಂಗಾದ ಆ ಮೇಜಿನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ನಕ್ಕರೆ ಮೂರನೆಯವರಿಗೆ ಕಾಫಿ ಬರುತ್ತದೆ. ಕಾಫಿ ಬಂತು. ಹುಡುಗನ ಪರ ಯಾರಾದರೂ ಮಾತಾಡಬೇಕಲ್ಲ ಅಂತ ನಾನು ವಿಮಾನದ ಕಥೆ ತೆಗೆದೆ. ಅಮೆರಿಕದ ಎಡ್ವಿನ್ ಲಿಂಕ್ ಅನ್ನುವವನ ಮನೆಯವರದು ಪಿಯಾನೋ, ಆರ್ಗನ್ ಮಾಡುವ ಕಾರ್ಖಾನೆ. 1929ರ ಹೊತ್ತಿಗೆ ಅವನು ಅದೇ ಆರ್ಗನ್ನಿನ ತಿದಿಗಳನ್ನು ಒಂದು ಪುಟ್ಟ ವಿಮಾನದಂಥ ಪೆಟ್ಟಿಗೆಯ ಕೆಳಗೆ ಜೋಡಿಸಿದ. ಗಾಳಿ ತುಂಬಿದರೆ ಪೆಟ್ಟಿಗೆ ಆ ಕಡೆ ಈ ಕಡೆ ವಾಲುತ್ತದೆ. ಒಳಗೆ ಕೂತವನು ನೆಲದ ಮೇಲೇ ವಿಮಾನ ಓಡಿಸೋದು ಕಲಿಯಬಹುದು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯ ತೊಟ್ಟಿಲಿನಂಥ ಆಟ ನಡೆಸುವವರೇ. 1934ರಲ್ಲಿ ಅಲ್ಲಿನ ಸೈನ್ಯಕ್ಕೆ ಟಪಾಲು ಸಾಗಿಸುವ ಕೆಲಸ ಬಿತ್ತು. ಕೆಟ್ಟ ಹವೆಯಲ್ಲಿ ಹಾರಿಸಿ ರೂಢಿಯಿಲ್ಲದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಸೈನ್ಯವೇ ಬಂದು ಲಿಂಕ್‌ನ ಪೆಟ್ಟಿಗೆ ಕೊಂಡಿತು.

"ಹಂಗಂದ್ರ ಹಾರ್ಮೋನಿಯಂ ತಿದಿ ಒತ್ತಿ ಒತ್ತಿ ವಿಮಾನ ಕಲತ್ರು ಅನ್ರೀ!" ಕುಲಕರ್ಣಿಯವರಿಗೆ ಖುಷಿಯೋ ಖುಷಿ. ಧಾರವಾಡದವರಿಗೆ ಹಾರ್ಮೋನಿಯಂ ಸಿಕ್ಕರೆ ಸಾಕು, ವಿಮಾನ ಬೇಕಿಲ್ಲ.

"ಸರಿ, ಒಂದು ಪರೀಕ್ಷೆ ಕೊಡು ನೋಡುವ," ಅಂತ ಶೆಟ್ರು ಕನ್ನಡಕ ಏರಿಸಿದರು.

ವಿನಾಯಕ ಫೋನು ಮುಂದಿಟ್ಟ. ಯಂತ್ರದ ಗಿರಾಕಿ ಹಿಂದಿಯಲ್ಲಿ ರೇಗಿದ: ಸಾಂಬಾರು ತಣ್ಣಗಿದೆ, ಇದೇನು ಹೋಟೆಲ್ಲಾ? ಶೆಟ್ರು ಕಣ್ಣು ಮಿಟುಕಿಸಲಿಲ್ಲ. "ಗರಂ ಕರ್ಕೆ ದೇತಾ, ಬೈಠೋ," ಅಂದವರೇ ಅಭ್ಯಾಸಬಲದಿಂದ ಒಳಗೆ ತಿರುಗಿ, "ನಾಲ್ಕನೇ ಟೇಬಲಿಗೆ ಬಿಸಿ ಸಾಂಬಾರ್!" ಅಂತ ಕೂಗಿಯೂ ಬಿಟ್ಟರು. ನಾಲ್ಕನೇ ಟೇಬಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಮರಾಠಿ ಅಜ್ಜನಿಗೆ ಪುಕ್ಕಟೆ ಸಾಂಬಾರು ಸಿಕ್ಕಿತು.

ಅಂಕ ಬಂತು. ನೂರಕ್ಕೆ 41. ಸಮಾಧಾನದ ಮಾತು ಆಡಲಿಲ್ಲ, ಕ್ಷಮೆ ಕೇಳಲಿಲ್ಲ, 'ಬೈಠೋ' ಅಂದದ್ದು ಹುಕುಂ ಮಾಡಿದ ಹಾಗಿತ್ತು.

ಆಮೇಲೆ ಕುಲಕರ್ಣಿಯವರ ಪಾಳಿ. ಇಡೀ ಆಯುಷ್ಯ ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವರು. ನಿಮಗಾದ ತೊಂದರೆ ಅರ್ಥವಾಗುತ್ತದೆ, ದಯವಿಟ್ಟು ಕ್ಷಮಿಸಿ, ವಿಚಾರಿಸಿ ತಿಳಿಸುತ್ತೇವೆ, ನಿಮ್ಮ ಸಹಕಾರಕ್ಕೆ ಧನ್ಯವಾದ. ನೂರಕ್ಕೆ 88! ಸಾಂಬಾರು ಮಾತ್ರ ಬರಲೇ ಇಲ್ಲ.

ನನಗೆ ತಕರಾರು ಇರೋದು ಇಲ್ಲೇ. ಮಾಡಿ ಕಲಿಯೋದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರಕ್ಕೆ ಕೇಳಿಸೋದು ಮಾತು ಮಾತ್ರ. ಹಾಗಾಗಿ ಅಂಕ ಮಾತಿಗೇ. ಅಂಕದ ಪಟ್ಟಿ ಬರೆದವನು ಒಂದು ದಿನವಾದರೂ ಗಲ್ಲೆಯಲ್ಲಿ ಕೂತಿದ್ದನಾ? ಕೇಳಿದೆ. ವಿನಾಯಕ ಚಟ್ನಿ ಕಡೆ ನೋಡಿದ. ಪಟ್ಟಿ ಬರೆದದ್ದು ಅವನೇ ಇರಬೇಕು.

ಆದರೆ ಹುಡುಗ ಸೋಲಲಿಲ್ಲ. "ಶೆಟ್ರೇ, ನೀವು ಎಲ್ಲಿ ಕಲಿತಿರಿ?"

"ಹಗಲು ಟೇಬಲ್ ಒರೆಸೋದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆ. ನಮ್ಮ ಕಾಲದ ಹೋಟೆಲು ಹುಡುಗರು ಎಷ್ಟೋ ಜನ ಹಾಗೇ ಓದಿದ್ದು. ರಾತ್ರಿ ಕಲಿತ ಲೆಕ್ಕ ಬೆಳಿಗ್ಗೆ ಬಿಲ್ಲಿನಲ್ಲಿ."

"ಬಿಲ್ಲು ತಪ್ಪಿದರೆ?"

"ಧಣಿ ಸಂಬಳದಲ್ಲಿ ಮುರೀತಿದ್ರು. ಒಂದು ತಿಂಗಳು ಊರಿಗೆ ಮನಿಯಾರ್ಡರೇ ಹೋಗಲಿಲ್ಲ."

"ನಮ್ಮಲ್ಲಿ ತಪ್ಪಿದರೆ ಯಾರ ಸಂಬಳವೂ ಮುರಿಯಲ್ಲ."

ಶೆಟ್ರು ಸುಮ್ಮನಾದರು. ಅವರು ಸುಮ್ಮನಾಗೋದು ಅಪರೂಪ. ಮನಿಯಾರ್ಡರು ಹೋಗದ ಆ ತಿಂಗಳು ಅವರಿಗೆ ಇನ್ನೂ ಮರೆತಿಲ್ಲ ಅಂತ ಕಾಣುತ್ತದೆ.

"ನೀವೇ ನಮಗೆ ಮೆಂಟರ್ ಆಗಿ," ಅಂದ ವಿನಾಯಕ, ಸಂದು ಸಿಕ್ಕಿತು ಅಂತ. "ಅಂಕದ ಪಟ್ಟಿ ನೀವು ಹೇಳಿದ ಹಾಗೆ ಮಾಡ್ತೀವಿ. ಸಾಂಬಾರು ಬಂದರೆ 60, ಮಾತಿಗೆ 40."

"ಸಾಂಬಾರಿಗೆ 80. ಸಂಬಳ?"

"ಸದ್ಯಕ್ಕೆ ದುಡ್ಡಿಲ್ಲ. ಕಂಪನಿ ಷೇರು ಕೊಡ್ತೀವಿ."

"ಬ್ಯಾಡ್ರೀ ಶೆಟ್ರ," ಅಂತ ಕುಲಕರ್ಣಿಯವರು ಸ್ವಂತ ಅಣ್ಣನ ಮಗನ ಎದುರೇ ಎಚ್ಚರಿಸಿದರು. ಬ್ಯಾಂಕಿನವರಿಗೆ ಬಂಧುಬಳಗ ಬೇರೆ, ಸಾಲ ಬೇರೆ.

ಶೆಟ್ರು ಬಿಲ್ಲು ಪುಸ್ತಕ ಹತ್ತಿರ ಎಳೆದುಕೊಂಡರು. "ಷೇರು ಎಲ್ಲ ಇರಲಿ ಮಾರಾಯ. ನಿಮ್ಮ ಆಫೀಸಿಗೆ ಮಧ್ಯಾಹ್ನದ ಊಟ ಎಲ್ಲಿಂದ ಬರ್ತದೆ? ಎಷ್ಟು ಜನ ಇದ್ದೀರಿ?"